ಒಪ್ಪದ ರೋಗಿ

ವೈದ್ಯಕೀಯ ಕಾಲೇಜಿನಲ್ಲಿ ನನ್ನ ಕೆಲಸ ರೋಗಿಯಾಗಿ ನಟಿಸುವುದು. ನಿಜವಾದ ರೋಗಿಗಳನ್ನು ಮುಟ್ಟುವ ಮೊದಲು ವಿದ್ಯಾರ್ಥಿಗಳು ನಮ್ಮಂಥವರ ಮೇಲೆ ಕೈ ಪಳಗಿಸಿಕೊಳ್ಳುತ್ತಾರೆ. ನಾಲ್ಕು ಜನರೆದುರು ಬಾಯಿ ಬಿಡದ ನನಗೆ, ಪಾತ್ರದೊಳಗೆ ಕೂತರೆ ಮಾತು ಸಲೀಸು. ಇಲ್ಲಿ ಒಂದು ನಿಯಮವಿದೆ: ರೋಗಿ "ಒಪ್ಪಿದೆ" ಎನ್ನುವವರೆಗೆ ಪಾಠ ಮುಗಿಯುವಂತಿಲ್ಲ.

ಮೊನ್ನೆ ಪಾಠ ಮಾಡಲು ಬಂದವರು ದೊಡ್ಡ ಡಾಕ್ಟರು. ಏನೂ ಇಲ್ಲವೆಂದು ರೋಗಿಗೆ ಹೇಳುವುದು ಹೇಗೆ ಎಂದು ಅವರೇ ಮಾಡಿ ತೋರಿಸುವ ಪಾಠ. ಅದನ್ನೇ ಅವರು ಹೋದ ವರ್ಷ ನನ್ನ ಅಕ್ಕನಿಗೆ ಹೇಳಿದ್ದರು. ಭುಜದಿಂದ ಬೆರಳತುದಿಯವರೆಗೆ ಉರಿ ಎಂದು ಅವಳು ಅಳುತ್ತಿದ್ದರೆ, ಇವರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಭಾವನ ಮುಖ ನೋಡಿಕೊಂಡು, ಏನೂ ಇಲ್ಲ ಎಂದಿದ್ದರು. ವಾರ ಕಳೆಯುವುದರಲ್ಲಿ ಭಾವ ಅವಳನ್ನು ನಮ್ಮ ಮನೆಯಲ್ಲಿ ತಂದುಬಿಟ್ಟ. "ರೋಗ ಇದ್ದಿದ್ರೆ ನೋಡ್ಕೋತಿದ್ದೆ. ಇಲ್ಲದ ರೋಗಕ್ಕೆ ನಾನೇನ್ ಮಾಡ್ಲಿ, ಅತ್ತೆ?" ಎಂದು ಅಮ್ಮನನ್ನೇ ಕೇಳಿದ. ಅವನ ಬಾಯಿಗೆ ಆ ಮಾತು ಕೊಟ್ಟವರು ಇವರು. ಅದನ್ನು ಇವರ ಬಾಯಿಂದಲೇ ವಾಪಸು ತೆಗೆಸಬೇಕೆಂದು ಅಂದೇ ನಿಶ್ಚಯಿಸಿದ್ದೆ.

ಅಕ್ಕನನ್ನು ಅವರು ನೋಡಿದ ದಿನ ಮೂಲೆಯಲ್ಲಿ ನಿಂತಿದ್ದ ನನ್ನ ಗುರುತು ಮೊನ್ನೆ ಅವರಿಗೆ ಹತ್ತಲಿಲ್ಲ. ನನಗೆ ಕೊಟ್ಟಿದ್ದು ಹೊಟ್ಟೆನೋವಿನ ಪಾತ್ರ. ನಾನು ಭುಜ ಹಿಡಿದುಕೊಂಡು ಅಕ್ಕನ ಉರಿಯನ್ನೇ ಹೇಳಿದೆ. ಅವರು ಹುಬ್ಬು ಗಂಟಿಕ್ಕಿದರೂ ಪಾಠ ಮುಂದುವರಿಸಿದರು.

"ನೋಡಮ್ಮ, ರಿಪೋರ್ಟೆಲ್ಲ ನಾರ್ಮಲ್. ನಿಮಗೇನೂ ಇಲ್ಲ."

"ರಿಪೋರ್ಟಿಗೆ ಏನೂ ಇಲ್ಲ, ಸಾರ್. ಉರೀತಿರೋದು ಕೈ."

ಬೆಂಚುಗಳಲ್ಲಿದ್ದ ವಿದ್ಯಾರ್ಥಿಗಳು ಕಿಸಕ್ಕೆಂದರು.

"ಕೈಯಲ್ಲೂ ಏನೂ ಕಾಣ್ಲಿಲ್ಲವಲ್ಲ."

"ಕಾಣದೇ ಇರೋದೆಲ್ಲ ಇಲ್ಲ ಅಂತಾದ್ರೆ, ಈ ಮೆಷಿನ್ ಬರೋಕ್ ಮುಂಚೆ ಯಾರಿಗೂ ರೋಗಾನೇ ಇರ್ಲಿಲ್ವಾ?"

ಮನಸ್ಸು, ಚಿಂತೆ, ನಿದ್ದೆ ಎಂದು ಅವರು ಸುತ್ತಿ ಬಳಸಿ ವಿವರಿಸಿದರು. "ಮನಸ್ಸಿಂದೇ ಅಂದ್ಕೊಳ್ಳಿ, ಸಾರ್. ಆಗ್ಲೂ ಉರಿ ಉರೀನೇ ಅಲ್ವಾ? ಒಪ್ಪಿಲ್ಲ" ಎಂದೆ.

"ಸಾಕು ನಿನ್ನ ನಾಟಕ!"

"ಸಾರ್, ಅವ್ರಿಗೆ ಸಂಬಳ ಕೊಡೋದೇ ನಾಟಕಕ್ಕೆ" ಎಂದ ಹಿಂದಿನ ಸಾಲಿನವನೊಬ್ಬ. ಕೋಣೆಗೆ ಕೋಣೆಯೇ ನಕ್ಕಿತು. ಡಾಕ್ಟರ ಕಿವಿ ಕೆಂಪಾಯಿತು.

"ನಿನಗೆ ಬೇಕಾಗಿರೋದಾದ್ರೂ ಏನಮ್ಮ?"

"ನಿಮಗೆ ತಿಳೀದೇ ಇರೋದನ್ನ ಇಲ್ಲ ಅನ್ಬೇಡಿ. ಗೊತ್ತಿಲ್ಲ ಅನ್ನಿ."

ಅವರು ಕನ್ನಡಕ ತೆಗೆದು ಒರೆಸಿದರು. "ಗೊತ್ತಿಲ್ಲ" ಎಂದರು, ಗಂಟಲೊಳಗೇ.

"ಹಿಂದಿನ ಬೆಂಚಿಗೆ ಕೇಳಿಸ್ಲಿಲ್ಲ, ಸಾರ್."

ಗಟ್ಟಿಯಾಗಿ ಇನ್ನೊಮ್ಮೆ ಹೇಳಿದರು. ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಯಿತು. ಆಮೇಲೆ, ಅವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಒಪ್ಪಿದೆ ಎಂದೆ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಲಗಿದ್ದವಳು ಎದ್ದು ಕೂತಳು.

"ಎರಡ್ನೇ ಸಲ ಹೇಳ್ವಾಗ ಮುಖ ಹೇಗಿತ್ತೇ? ಬೆವರಿದ್ರಾ?"

"ಹಣೆ ಬೆವರಿತ್ತು."

"ಬರೀ ಹಣೇನಾ? ಸರಿಯಾಗಿ ನೆನಪು ಮಾಡ್ಕೊಂಡು ಹೇಳೇ, ಕತ್ತೆ!"

ನೋವಿದ್ದ ಕೈಯನ್ನು ಇನ್ನೊಂದು ಕೈಯಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಗೋಡೆಗೆ ಒರಗಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ನಾನು ಬಾಗಿಲು ಹಾಕಿ ಬಂದು, ಅವಳೆದುರು ನಿಂತು, ಡಾಕ್ಟರಾದೆ.