ಮರಗಟ್ಟಿದ ಬೆನ್ನು

ರಘುರಾಮನಿಗೆ ಸರ್ಪಸುತ್ತು ಬಂದು ವಾಸಿಯಾಗಿತ್ತು. ಗುಳ್ಳೆಗಳು ಒಣಗಿ ಉದುರಿದರೂ ಬೆನ್ನಿನ ಉರಿ ಮಾತ್ರ ಹೋಗಲಿಲ್ಲ. ಅಂಗಿ ತಾಗಿದರೂ ಕೆಂಡ ಇಟ್ಟಂತಾಗುತ್ತಿತ್ತು. ಡಾಕ್ಟರು ಚರ್ಮ ಮರಗಟ್ಟಿಸುವ ಕ್ರೀಮು ಬರೆದುಕೊಟ್ಟು, ನೋವಿರುವ ಕಡೆ ಮಾತ್ರ ತೆಳ್ಳಗೆ ಹಚ್ಚಬೇಕು, ಮೇಲೆ ಏನೂ ಸುತ್ತಬಾರದು, ಬಿಸಿ ತಾಗಿಸಬಾರದು ಎಂದಿದ್ದರು. ಹೆಂಡತಿ ಸರಸ ಅದನ್ನು ನೆನಪಿಸಿದಾಗಲೆಲ್ಲ, "ನನಗೆ ಬುದ್ಧಿ ಹೇಳ್ಲಿಕ್ಕೆ ಬರಬೇಡ" ಎಂದು ಗದರುತ್ತಿದ್ದ.

ಚೆನ್ನೈನ ಕೋಯಂಬೇಡು ಮಾರುಕಟ್ಟೆಯ ಬಳಿ ಅವರದು ಹೋಟೆಲು. ಅಡುಗೆಮನೆ ರಘುರಾಮನದು, ಗಲ್ಲಾ ತಮ್ಮ ಜಯಪ್ರಕಾಶನದು. ಇಬ್ಬರಿಗೂ ಮಾತಿರಲಿಲ್ಲ. ಊರು ಕುಂದಾಪುರದಲ್ಲಿ ತಾಯಿ ತೀರಿಕೊಂಡಾಗ, ಚೆನ್ನೈಯಿಂದ ಹೊರಟ ತಮ್ಮ ತಲುಪುವ ಮೊದಲೇ ಅಲ್ಲೇ ಇದ್ದ ರಘುರಾಮ ಚಿತೆಗೆ ಬೆಂಕಿ ಇಟ್ಟುಬಿಟ್ಟಿದ್ದ. ಆಮೇಲೆ ಏನಿದ್ದರೂ ಸರಸಳ ಮೂಲಕ.

"ಆ ಮನುಷ್ಯನಿಗೆ ಹೇಳಿ ಅತ್ತಿಗೆ, ಸಾಂಬಾರಿಗೆ ಉಪ್ಪು ಹೆಚ್ಚಾಗಿದೆ ಅಂತ."

"ಗಲ್ಲಾದಲ್ಲಿ ಕೂತವನು ಉಪ್ಪಿನ ಮಾತಾಡುದು ಬೇಡ ಅಂತ ಹೇಳು."

ಮೇ ತಿಂಗಳು, ತಮಿಳರು ಅಗ್ನಿ ನಕ್ಷತ್ರ ಎನ್ನುವ ಸುಡುಬಿಸಿಲಿನ ದಿನಗಳು. ಒಂದು ಬೆಳಿಗ್ಗೆ ನೋವು ತಡೆಯಲಾಗದೆ ರಘುರಾಮ ಟ್ಯೂಬನ್ನು ಪೂರ್ತಿ ಹಿಂಡಿ, ಎದೆ, ಪಕ್ಕೆ, ಬೆನ್ನು ಎನ್ನದೆ ಕೈ ಎಟುಕಿದಲ್ಲೆಲ್ಲ ದಪ್ಪಗೆ ಬಳಿದುಕೊಂಡ. ಅಂಗಿಗೆ ಅಂಟದಿರಲೆಂದು ಪಾರ್ಸೆಲ್ ಕಟ್ಟುವ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ದೋಸೆ ಕಾವಲಿಯ ಮುಂದೆ ನಿಂತ. ಎಷ್ಟೋ ವಾರಗಳ ನಂತರ ಉರಿ ಶಾಂತವಾಯಿತು.

ಸ್ವಲ್ಪ ಹೊತ್ತಿಗೆ ತುಟಿ ಜುಮುಗುಟ್ಟಿತು. ಬಾಯಲ್ಲಿ ಕಬ್ಬಿಣದ ರುಚಿ, ಕಿವಿಯಲ್ಲಿ ಗುಂಯ್ ಎಂಬ ಸದ್ದು. ಸೆಕೆಯೆಂದುಕೊಂಡ. ತಲೆ ತಿರುಗಿದಾಗ ಹಿಂದಿದ್ದ ಇಡ್ಲಿ ಪಾತ್ರೆಗೆ ಒರಗಿದ. ಅದು ಸುಡುತ್ತಿದ್ದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ದೋಸೆ ಬರದೆ ಗಿರಾಕಿಗಳು ಕೂಗಾಡತೊಡಗಿದಾಗ ಜಯಪ್ರಕಾಶ ರೇಗಿ ಒಳಗೆ ಬಂದ. ಅಣ್ಣನ ತುಟಿ ನೀಲಿಯಾಗಿತ್ತು, ಮಾತು ತೊದಲುತ್ತಿತ್ತು. ಹಿಡಿಯಲು ಹೋದರೆ ಸಟ್ಟುಗ ಎತ್ತಿದ.

"ಮುಟ್ಟಬೇಡ ನನ್ನನ್ನು!"

ಜಯಪ್ರಕಾಶ ಸಟ್ಟುಗ ಕಸಿದು ಬಿಸಾಡಿ, ಅವನನ್ನು ಕಾವಲಿಯಿಂದ ದೂರ ಎಳೆದು ಅಂಗಿ ಹರಿದ. ಒಳಗೆ ಪ್ಲಾಸ್ಟಿಕ್ಕು, ಅದರಡಿಯಲ್ಲಿ ಬೆಳ್ಳಗೆ ಕ್ರೀಮು.

"ಎಂತ ಮಾಡಿಕೊಂಡಿದ್ದೀ ಇದು? ಅತ್ತಿಗೆ, ಆಂಬುಲೆನ್ಸಿಗೆ ಫೋನ್ ಮಾಡಿ!"

ಪ್ಲಾಸ್ಟಿಕ್ ಕಿತ್ತು, ಒದ್ದಾಡುತ್ತಿದ್ದ ಅಣ್ಣನನ್ನು ಮಂಡಿಯಿಂದ ಒತ್ತಿ ಹಿಡಿದು, ಒದ್ದೆ ಬಟ್ಟೆಯಿಂದ ಕ್ರೀಮನ್ನೆಲ್ಲ ಒರೆಸಿದ. ಇಡೀ ಹೋಟೆಲು ಬಾಗಿಲಲ್ಲಿ ನಿಂತು ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು, ನರಕ್ಕೆ ಔಷಧಿ ಹಾಕಿದರು, ಹೃದಯಬಡಿತ ನೋಡುತ್ತ ಕೂತರು. ಸಂಜೆಗೆ ತುಟಿಯ ಬಣ್ಣ ಮರಳಿತು. ಡಾಕ್ಟರ್ ಭಾವನಾ ತಮಿಳಿನಲ್ಲಿ ಚೆನ್ನಾಗಿ ಬೈದರು: ಇಷ್ಟು ಅಗಲಕ್ಕೆ ಬಳಿದು, ಪ್ಲಾಸ್ಟಿಕ್ ಸುತ್ತಿ, ಒಲೆಯ ಮುಂದೆ ನಿಂತರೆ ಔಷಧಿ ರಕ್ತಕ್ಕೆ ಇಳಿಯುತ್ತದೆ, ಒರೆಸಿ ತೆಗೆಯದಿದ್ದರೆ ಫಿಟ್ಸ್ ಬರಬಹುದಿತ್ತು, ಹೃದಯ ನಿಲ್ಲಬಹುದಿತ್ತು. ಬೆನ್ನಿನ ಸುಟ್ಟ ಬೊಬ್ಬೆಗೂ ಮುಲಾಮು ಹಚ್ಚಿಸಿ ಹೋದರು.

ಬಾಗಿಲಲ್ಲಿ ನಿಂತಿದ್ದ ತಮ್ಮನನ್ನು ನೋಡಿ ರಘುರಾಮ ಸಿಡುಕಿದ. "ಇವನನ್ನು ಹೊರಗೆ ಕಳಿಸು ಸರಸ."

"ನಿನಗಾಗಿ ನಿಂತದ್ದಲ್ಲ. ಅತ್ತಿಗೆ ಒಬ್ಬರೇ ಇದ್ದಾರೆ ಅಂತ ನಿಂತೆ."

"ಊರವರ ಎದುರು ನನ್ನ ಅಂಗಿ ಹರಿದೆಯಲ್ಲ!"

"ಸತ್ತಿದ್ರೆ ಮರ್ಯಾದೆ ಉಳೀತಿತ್ತಾ? ಇವತ್ತು ನೀನು ಹೋಗಿದ್ರೆ, ದುಬಾಯಿಂದ ನಿನ್ನ ಮಗ ಬರುವ ತನಕ ನಾನು ಕಾಯ್ತಿದ್ದೆ. ನಿನ್ನ ಹಾಗಲ್ಲ."

"ಅಮ್ಮನ ದೇಹ ಇಟ್ಟುಕೊಳ್ಳುವ ಸ್ಥಿತಿ ಇರ್ಲಿಲ್ಲ ಅಂತ ಆವತ್ತೇ ಹೇಳಿದ್ದೆ."

"ಸುಳ್ಳು. ಕ್ರಿಯೆ ಮಾಡಿಸುವ ಭಟ್ರಿಗೆ ಸಂಜೆಯ ಬಸ್ಸಿಗೆ ಹೋಗ್ಬೇಕಿತ್ತು, ಅಷ್ಟೇ. ನನಗೆ ಗೊತ್ತುಂಟು."

ರಘುರಾಮ ಗೋಡೆಯ ಕಡೆ ಹೊರಳಿದ. ಸರಸ ಎದ್ದು ನಿಂತಳು. "ಇಬ್ಬರೂ ಬಾಯಿ ಮುಚ್ಚಿ. ಇಲ್ಲಾಂದ್ರೆ ನಾನೇ ಹೋಗ್ತೇನೆ."

ಈಗ ಕ್ರೀಮು ಅವಳ ಕಪಾಟಿನಲ್ಲಿರುತ್ತದೆ. ನೋವಿರುವ ಕಡೆಗೆ ಅವಳೇ ತೆಳ್ಳಗೆ ಸವರುತ್ತಾಳೆ. ಕೆಂಪಾದರೆ, ತುರಿಸಿದರೆ ತಕ್ಷಣ ಸೋಪು ಹಾಕಿ ತೊಳೆಯುತ್ತಾಳೆ. ಹಚ್ಚಿದ ದಿನ ಅವನನ್ನು ಒಲೆಯ ಬಳಿಗೆ ಬಿಡುವುದಿಲ್ಲ. ಅವನು ಬೈಯುತ್ತಲೇ ಕೂರುತ್ತಾನೆ.

ಇನ್ನು ಅಣ್ಣನ ಜೊತೆ ಆಗದು ಎಂದು ಜಯಪ್ರಕಾಶ ಗಲ್ಲಾದ ಕೀಲಿಯನ್ನು ಅತ್ತಿಗೆಯ ಕೈಗೆ ಕೊಟ್ಟು, ಚೆನ್ನೈನ ಇನ್ನೊಂದು ಕೊನೆಯ ಪೆರುಂಗುಡಿಗೆ ಹೋದ. ಅಲ್ಲಿ ಆಫೀಸುಗಳ ಮುಂದೆ ಟಿಫಿನ್ ಅಂಗಡಿ ಇಟ್ಟಿದ್ದಾನೆ. ಹಳೆಯ ಗಿರಾಕಿಗಳು ತಮ್ಮ ಎಲ್ಲಿ ಎಂದು ವಿಚಾರಿಸಿದರೆ, "ಅವನನ್ನೇ ಹೋಗಿ ಕೇಳಿ" ಎಂದು ರಘುರಾಮ ಮುಖ ತಿರುಗಿಸುತ್ತಾನೆ.