ರಬ್ಬರ್ ಸಾಲದ ಟ್ರ್ಯಾಪು

ಸಾಕ್ಸ್, ಸಾಕ್ಸ್ — ಮತ್ತೆ ಕೂಗುತ್ತಿದ್ದಾಳೆ ಮಗಳು, ಮನೆಯ ಹಿಂದಿನ ಮೆಟ್ಟಿಲ ಮೇಲೆ ನಿಂತಿರಬೇಕು, ಸೇಬಿನ ಸಾಲುಗಳನ್ನು ದಾಟಿ ಬರುವಷ್ಟರಲ್ಲಿ ದನಿ ತೆಳ್ಳಗಾಗಿ ಯಾವುದೋ ಹಕ್ಕಿಯದೆನ್ನುವಂತೆ ಕೇಳಿಸುತ್ತದೆ, ಸಿದ್ರಾಮಪ್ಪನ ಗಮ್‌ಬೂಟು ಒದ್ದೆ ಹುಲ್ಲಿನಲ್ಲಿ ನಿಂತಿತು, ಓ ಎನ್ನಬೇಕೆನಿಸಿತು, ಅನ್ನಲಿಲ್ಲ, ಓ ಎಂದರೆ ಮುಂದೇನು ಹೇಳುವುದು, ನಿನ್ನ ಬೆಕ್ಕನ್ನ ಹುಡುಕಾಕ ಹೊಂಟೀನವಾ ಅಂತಲೇ, ಹಾಗಾದರೆ ತೋಟದ ಅಂಚಿಗೇ ಯಾಕೆ ಹೊರಟೆ ಎಂದು ಅವಳು ಕೇಳದೆ ಇರುತ್ತಾಳೆಯೇ. ಅಂಚಿನಲ್ಲಿ ಇರುವುದು ರಾತ್ರಿ ಬಂದು ಸೇಬಿನ ಚಿಗುರು ತಿನ್ನುವ ಪಾಸಮ್‌ಗಳಿಗೆಂದು ಅವನೇ ಇಟ್ಟ ಟ್ರ್ಯಾಪುಗಳು. ನಿನ್ನೆ ಸಂಜೆ ಇಟ್ಟದ್ದು, ಸಿಟ್ಟಿನಲ್ಲಿ ಇಟ್ಟದ್ದು, ಕೈ ಏನು ಮಾಡುತ್ತಿದೆ ಎಂದು ತಲೆಗೆ ತಿಳಿಯದಷ್ಟು ಸಿಟ್ಟು, ಅದೂ ಒಂದು ಕಂಬಳಿಗೆ, ಒಂದು ಎಳೆಗೆ. ಊರಿಂದ ಈ ಪರದೇಶದ ನೆಲ್ಸನ್ನಿಗೆ ವಿಮಾನದಲ್ಲಿ ಹೊತ್ತು ತಂದ ಕರಿ ಕಂಬಳಿ, ಸೋಫಾದ ಮೇಲೆ ಮಡಿಸಿಟ್ಟಿದ್ದ, ಅದರ ಮೇಲೆ ಆ ಬೆಕ್ಕು ಕೂತು ಮುಂಗಾಲಿನಿಂದ ನಾದುತ್ತಿತ್ತು, ಹೆಂಡತಿ ನೀಲಮ್ಮ ರೊಟ್ಟಿ ಹಿಟ್ಟು ನಾದಿದ ಹಾಗೆ, ಒತ್ತುವುದು ಬಿಡುವುದು ಒತ್ತುವುದು ಬಿಡುವುದು, ಮೈಯೆಲ್ಲ ಬೂದಿ ಬಣ್ಣ, ಬಲಗಡೆಯ ಮುಂಗಾಲು ಮಾತ್ರ ಹಾಲಿನಲ್ಲಿ ಅದ್ದಿ ತೆಗೆದಷ್ಟು ಬಿಳಿ, ಅದಕ್ಕೇ ಸಾಕ್ಸ್ ಎಂದು ಹೆಸರಂತೆ, ಒಂದೇ ಕಾಲಿಗೆ ಎಂಥಾ ಸಾಕ್ಸ್ ಎಂದು ಅವನೇ ಮೊದಲ ದಿನ ನಕ್ಕಿದ್ದ. ಆ ಬಿಳಿ ಪಾದದ ಬೆರಳು ಬಿಚ್ಚಿತು, ಉಗುರು ಕಂಬಳಿಗೆ ಸಿಕ್ಕಿತು, ಒಂದು ಎಳೆ ಉದ್ದಕ್ಕೆ ಹೊರಬಂತು. ಅಷ್ಟೇ. ಅಷ್ಟಕ್ಕೇ ಅವನು ಒದರಿದ್ದು, ಇನ್ನೊಮ್ಮೆ ಇದರ ಮ್ಯಾಲ ಕಂಡ್ರ ಇದನ್ನೂ ಟ್ರ್ಯಾಪಿಗೆ ಹಾಕ್ತೀನಿ ನೋಡು. ಪ್ರಾಚಿ ಅಳಲಿಲ್ಲ, ಬೆಕ್ಕನ್ನು ಎದೆಗೆ ಅವಚಿಕೊಂಡು ಅವನನ್ನೇ ನೋಡಿದಳು, ಯು ವುಡ್ ಟೂ ಎಂದಳು. ಮಾಡೋನೇ ನೀನು. ಇಂಗ್ಲಿಷು ಅವನಿಗೆ ಅರ್ಧ ತಿಳಿಯುತ್ತದೆ ಅರ್ಧ ಜಾರುತ್ತದೆ, ಅದು ಮಾತ್ರ ಪೂರ್ತಿ ತಿಳಿಯಿತು. ರಾತ್ರಿ ಬೆಕ್ಕು ಮನೆಗೆ ಬಂದಿಲ್ಲ. ಬೆಳಿಗ್ಗೆ ನೀಲಮ್ಮ ಡ್ಯೂಟಿಗೆ ಹೊರಡುವಾಗ, ನರ್ಸಿನ ಬೂಟಿನ ಲೇಸು ಕಟ್ಟುತ್ತ, ತಲೆ ಎತ್ತದೆ ಹೇಳಿದಳು, ಹೋಗಿ ನೋಡ್ರಿ, ಅಕಿ ನೋಡೋಕಿಂತ ಮೊದಲ ನೀವ ನೋಡ್ರಿ.

ಮೊದಲನೆಯ ಪಾಪ್ಲರ್ ಮರ, ಮರಕ್ಕೆ ಒರಗಿಸಿದ ಹಲಗೆ, ಹಲಗೆಯ ತುದಿಯಲ್ಲಿ ಟ್ರ್ಯಾಪು ಬಾಯಿ ತೆರೆದು ಕೂತಿದೆ, ದವಡೆಗೆ ಕರಿ ರಬ್ಬರು, ಸರಿ, ಇದಲ್ಲ. ಇದಲ್ಲ ಎಂದರೆ ಆ ಒಂದು ಇದಲ್ಲ. ರಬ್ಬರು ಸಾಲದೆ ಉಳಿದದ್ದು ಒಂದೇ, ಬರೀ ಕಬ್ಬಿಣದ್ದು, ಅದನ್ನು ಯಾವ ಮರಕ್ಕೆ ಇಟ್ಟೆ ನೆನಪು ಮಾಡಿಕೋ, ಕೈಗೆ ಸಿಕ್ಕದ್ದನ್ನು ಸಿಕ್ಕಲ್ಲಿ ಸರಪಳಿ ಬಿಗಿದು ಬಂದೆಯಲ್ಲ, ಮಬ್ಬಿನಲ್ಲಿ, ಬಾಯಲ್ಲಿ ಬೈಗುಳ ತುಂಬಿಕೊಂಡು. ನೆಲದ ಮೇಲೆ ಇಡಬೇಡ ಮೇಟ್ ಎಂದು ತೋಟದ ಯಜಮಾನ ಬ್ರೂಸ್ ಮೊದಲ ದಿನವೇ ಹೇಳಿದ್ದ, ಇಲ್ಲಿ ವೇಕಾ ಹಕ್ಕಿಗಳಿವೆ, ಹಾರಲು ಬಾರದವು, ನಡೆದುಕೊಂಡೇ ಬಂದು ಕಾಲಿಡುತ್ತವೆ, ಪಾಸಮ್ ಆದರೆ ಮರ ಹತ್ತುವ ಪ್ರಾಣಿ, ಹಲಗೆ ಇಟ್ಟರೆ ಹಲಗೆ ಹಿಡಿದೇ ಬರುತ್ತದೆ. ಬೆಕ್ಕೂ ಮರ ಹತ್ತುವುದೇ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಬ್ರೂಸ್ ಶೆಡ್ಡಿನಿಂದ ಎರಡು ಥರದ್ದು ತೆಗೆದು ಮುಂದಿಟ್ಟ, ದೊಡ್ಡದು ಅವನಪ್ಪನ ಕಾಲದ್ದು, ದವಡೆಗೆ ಹಲ್ಲು, ಒಂದು ಕುರಿಯ ಕಾಲು ಮುರಿಯಲು ಸಾಕು, ಸಿದ್ರಾಮಪ್ಪ ಅದನ್ನು ಕಾಲಿನಿಂದಲೇ ಆಚೆ ಸರಿಸಿದ, ಇದು ಬ್ಯಾಡ. ಸಣ್ಣದನ್ನು ಆರಿಸಿದ, ನುಣುಪು ದವಡೆ, ಎರಡೂ ಬದಿ ಸುರುಳಿ ಸ್ಪ್ರಿಂಗು. ಕೈಗೆತ್ತಿಕೊಂಡದ್ದೇ ಅಂಗಡಿ ನೆನಪಾಯಿತು, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಎದುರಿನ ಸೈಕಲ್ ಅಂಗಡಿ, ಸೊಲ್ಯೂಷನ್ ವಾಸನೆ, ಬಕೀಟಿನ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ಏಳುವುದನ್ನು ಕಾಯುತ್ತ ಕೂತ ಮಧ್ಯಾಹ್ನಗಳು — ಪ್ರಾಚಿಯ ಹಳೆ ಸೈಕಲ್ಲಿನ ಟ್ಯೂಬು ಕತ್ತರಿಸಿ ದವಡೆಗೆ ಅಂಟಿಸಿದ್ದು ಅದೇ ಕೈ. ಅಂಟಿಸಿದ ಮೇಲೆ, ಕಾಲು ಬಿದ್ದರೆ ದವಡೆ ಮುಚ್ಚಿಸುವ ನಡುವಿನ ತಟ್ಟೆಯನ್ನು ಬಿಗಿ ಮಾಡಿದ, ಹಗುರ ಹಕ್ಕಿ ಕೂತರೆ ಬೀಳಬಾರದೆಂದು, ಸರಪಳಿ ಗಿಡ್ಡ ಮಾಡಿ ನಡುವೆ ಗಿರಗಿರ ತಿರುಗುವ ಕೊಂಡಿ ಹಾಕಿದ, ಪ್ರಾಣಿ ಹೊರಳಾಡಿದರೆ ಕಾಲು ತಿರುಚಬಾರದೆಂದು, ಕಡೆಗೆ ಪ್ರತಿಯೊಂದರಲ್ಲೂ ತನ್ನ ಬೆರಳಿಟ್ಟು ನೋಡಿದ. ಪಾಸಮ್‌ಗಿಂತ ಮೊದಲು ನೀನೇ ಸಿಕ್ಕಿಬೀಳುತ್ತೀಯಲ್ಲ ಎಂದು ಬ್ರೂಸ್ ಹೊಟ್ಟೆ ಹಿಡಿದು ನಕ್ಕ. ಕೊಲ್ಲುವುದು ಬ್ರೂಸನ ಕೆಲಸ, ಇಡುವುದಷ್ಟೇ ಇವನದು, ಹಾಗೆಂದೇ ಒಪ್ಪಿಕೊಂಡದ್ದು, ಲಿಂಗ ಕಟ್ಟಿದ ಮೈ ಎಂದು ನೀಲಮ್ಮನಿಗೂ ಹೇಳಿದ, ಅವಳು ರೊಟ್ಟಿ ತಿರುವಿ ಹಾಕುತ್ತ, ಹಂಗಾರ ಪಾಪಾನೂ ಅರ್ಧ ಅರ್ಧ ಹಂಚ್ಕೊಂಡೀರೇನ್ರೀ ಇಬ್ಬರೂ ಅಂದಳು.

ಎರಡನೆಯದರಲ್ಲಿ ಪಾಸಮ್, ಬೂದಿ ಬಣ್ಣ ಕಂಡು ಬೆಕ್ಕೇ ಎಂದುಕೊಂಡ, ಆದರೆ ಬಾಲ ದಪ್ಪ, ಕಿವಿ ಬೇರೆ, ಅದು ಕಣ್ಣು ಮಿಟುಕಿಸಿ ಮುದುಡಿಕೊಂಡಿತು, ರಬ್ಬರಿನ ನಡುವೆ ಅದರ ಕಾಲು ಹಿಡಿದಿಟ್ಟಂತಿದೆ ಅಷ್ಟೇ, ರಕ್ತವಿಲ್ಲ, ನಿನಗ ಬ್ರೂಸ್ ಬರ್ತಾನ ತಡಿ ಎಂದು ಅದರ ಮೇಲೆ ಗೋಣಿಚೀಲ ಹೊದಿಸಿ ಮುಂದೆ ನಡೆದ, ಬೇಗ ನಡೆದ. ಮುಂದಿನದು ಖಾಲಿ, ರಬ್ಬರು ಇದೆ. ಅದರ ಮುಂದಿನದೂ ಖಾಲಿ, ರಬ್ಬರು ಇದೆ. ಇರಬಾರದಾಗಿತ್ತು, ಒಂದರಲ್ಲಾದರೂ ರಬ್ಬರು ಇಲ್ಲದೆ ಬಾಯಿ ತೆರೆದು ಖಾಲಿ ಕೂತಿರಬೇಕಾಗಿತ್ತು, ಹಾಗಾದರೆ ಉಸಿರು ಬಿಡಬಹುದಿತ್ತು. ಮರದ ಕಾಂಡಕ್ಕೆ ಬಳಿದ ಹಿಟ್ಟಿನ ವಾಸನೆ ಇನ್ನೂ ಇದೆ, ಹತ್ತಿರ ಬಂದಾಗಲೇ ಮೂಗಿಗೆ ಬಡಿಯಿತು, ಬಡಿದದ್ದೇ ಕಾಲು ನಿಂತಿತು — ತುಪ್ಪ. ಪಾಸಮ್ ಸೆಳೆಯಲು ಬ್ರೂಸ್ ಕೊಟ್ಟದ್ದು ಮೈದಾ, ಸಕ್ಕರೆ, ದಾಲ್ಚಿನ್ನಿ ಎಣ್ಣೆಯ ಸೀಸೆ, ಸೀಸೆ ಮುಗಿದಿತ್ತು, ಅಂಗಡಿಗೆ ಹೋಗಲು ತೋಟದ ಯೂಟ್ ಗಾಡಿ ಇರಲಿಲ್ಲ, ಇವನು ಅಡುಗೆಮನೆಗೆ ಹೋಗಿ ಡಬ್ಬಿಯ ತಳದಲ್ಲಿ ಪುಡಿಯಾಗಿ ಉಳಿದ ಬೇಸನ್ ಉಂಡೆ ತಂದ, ಕಡಲೆಹಿಟ್ಟು, ಏಲಕ್ಕಿ, ಮೇಲೊಂದು ಸೌಟು ಮನೆಯ ತುಪ್ಪ ಹಾಕಿ ಕಲಸಿದ, ಸಿಟ್ಟಿನಲ್ಲಿ ಇದ್ದರೂ ಕಲಸಿದ್ದು ಚೆನ್ನಾಗಿಯೇ ಕಲಸಿದ, ಘಮ್ಮೆಂದಿತು. ಇಲ್ಲಿಯ ಬೆಕ್ಕುಗಳು ತುಪ್ಪಕ್ಕೆ ತಿರುಗಿಯೂ ನೋಡುವುದಿಲ್ಲ, ಮೀನಿನ ಡಬ್ಬಿ ತಿಂದು ಬೆಳೆದವು. ಆ ಡಬ್ಬಿ ನಮ್ಮ ಮನ್ಯಾಗ ಬ್ಯಾಡ ಎಂದು ಹಟ ಹಿಡಿದವಳು ನೀಲಮ್ಮ, ಹೂಂ ಎಂದವನು ಅವನು, ಮಗಳು ಅತ್ತು ಕರೆದು ಸುಮ್ಮನಾದಳು, ಕೈಯಗಲ ಇದ್ದ ಮರಿ ಹಾಲಿನಲ್ಲಿ ನೆನೆಸಿದ ರೊಟ್ಟಿ ತಿಂದು ದೊಡ್ಡದಾಯಿತು, ಮೇಲೊಂದು ಚಮಚ ತುಪ್ಪ, ತುಪ್ಪವಿಲ್ಲದಿದ್ದರೆ ಮೂಸಿ ಆಚೆ ಹೋಗುತ್ತಿತ್ತು. ನೆಲ್ಸನ್ನಿನಲ್ಲೆಲ್ಲ ತುಪ್ಪದ ವಾಸನೆ ಹಿಡಿದು ಮರ ಹತ್ತುವ ಬೆಕ್ಕು ಇದ್ದರೆ ಒಂದೇ. ಆ ವಾಸನೆ ಎಂದರೆ ಅದಕ್ಕೆ ನೀಲಮ್ಮನ ಕೈ, ಪ್ರಾಚಿಯ ತಟ್ಟೆ, ಮನೆ. ಮಾಡೋನೇ ನೀನು. ಬೇಕಂತ ಮಾಡಿದರೂ ಇಷ್ಟು ಸರಿಯಾಗಿ ಆಗುತ್ತಿರಲಿಲ್ಲ. ಹೇಗೆ ಹೇಳುವುದು ಇದನ್ನು, ಯಾವ ಭಾಷೆಯಲ್ಲಿ, ಬಾಯಿ ತಪ್ಪಿ ಬಂದ ಮಾತಿಗೂ ಕೈ ತಪ್ಪಿ ಕಲಸಿದ ಹಿಟ್ಟಿಗೂ ಸಂಬಂಧವಿಲ್ಲ ಎಂದರೆ ಯಾರು ನಂಬುತ್ತಾರೆ, ಅವನೇ ನಂಬುತ್ತಿರಲಿಲ್ಲ.

ಉಳಿದದ್ದು ತೊರೆಯ ಬದಿಯ ವಿಲೋ ಮರ, ಹಾಗಾದರೆ ಕಬ್ಬಿಣದ್ದು ಅಲ್ಲೇ, ಓಡುತ್ತಿದ್ದಾನೆ, ಗಮ್‌ಬೂಟಿನಲ್ಲಿ ಓಡಲಾಗುವುದಿಲ್ಲ, ಓಡುತ್ತಿದ್ದಾನೆ, ಆ ಕಬ್ಬಿಣದ್ದರಲ್ಲೂ ಬೆರಳಿಟ್ಟು ನೋಡಿದ್ದನಲ್ಲ, ಉಗುರು ಇನ್ನೂ ಕಪ್ಪಗಿದೆ, ನೋವಿಗೆ ಟ್ರ್ಯಾಪನ್ನು ಗೋಡೆಗೆ ಎಸೆದು ಮತ್ತೆ ಎತ್ತಿಕೊಂಡು, ರಬ್ಬರು ಇಲ್ಲದ್ದಕ್ಕೆ ಸೈಕಲ್ ಚೈನಿನ ಒಂದೊಂದು ತುಂಡನ್ನು ದವಡೆಯ ಎರಡೂ ಕೊನೆಗೆ ತಂತಿಯಿಂದ ಬಿಗಿದಿದ್ದ, ದವಡೆ ಪೂರಾ ಮುಚ್ಚದಿರಲಿ, ನಡುವೆ ಸಂದು ಉಳಿಯಲಿ ಎಂದು, ತಂತಿ ನಿಂತಿರುತ್ತದೆಯೇ, ತಂತಿ ಬಿಚ್ಚಿರಬಾರದು, ಶಿವನೇ ಬಿಚ್ಚಿರಬಾರದು. ಹಲಗೆ ಕೆಳಗೆ ಬಿದ್ದಿದೆ. ವಿಲೋದ ಬೇರಿಗೆ ಬೆನ್ನು ಹಚ್ಚಿ ಸಾಕ್ಸ್, ಕಿವಿ ತಲೆಗಂಟಿಸಿ, ಬೂದಿ ಮೈಯೆಲ್ಲ ಇಬ್ಬನಿ, ಬಿಳಿ ಪಾದ ಕಬ್ಬಿಣದಲ್ಲಿ. ಅದೇ ಪಾದ, ಬೇರೆ ಮೂರಿದ್ದವಲ್ಲ. ಬಾ ಬಾ ಅಂದ, ಕೈ ಚಾಚಿದ, ಅದು ಅವನ ಮಣಿಕಟ್ಟಿಗೆ ಹಲ್ಲು ಊರಿತು, ಬಿಡಲಿಲ್ಲ, ಇವನೂ ಕೈ ಎಳೆದುಕೊಳ್ಳಲಿಲ್ಲ, ಕಚ್ಚು, ನಿನಗ ಹಕ್ಕೈತಿ ಕಚ್ಚು, ಎರಡೂ ಸ್ಪ್ರಿಂಗು ಒಟ್ಟಿಗೆ ಒತ್ತಲು ಎರಡು ಕೈ ಬೇಕು, ಒಂದು ಅದರ ಬಾಯಲ್ಲಿದೆ. ಹಿಂದೆ ಹುಲ್ಲು ಸರಸರ ಅಂದಿತು. ತಿರುಗದೆಯೇ ತಿಳಿಯಿತು. ಅವಳಿಗೆ ಈಗ ಕಾಣುತ್ತಿರುವುದು ಏನು, ಟ್ರ್ಯಾಪಿನ ಮೇಲೆ ಅಪ್ಪನ ಕೈ, ಟ್ರ್ಯಾಪಿನಲ್ಲಿ ಅವಳ ಬೆಕ್ಕು. ನಾ ಬೇಕಂತ ಇಟ್ಟಿದ್ದಲ್ಲ ಪ್ರಾಚಿ, ತುಪ್ಪ — ಎಂದ, ಮುಂದೆ ಬರಲಿಲ್ಲ, ಇಷ್ಟು ದಿನ ಒದರಲು ತಾನಾಗಿ ಬರುತ್ತಿದ್ದ ಮಾತು. ಅವಳು ಶಾಲೆಯ ಜರ್ಸಿ ತಲೆಯ ಮೇಲಿಂದ ಎಳೆದು ತೆಗೆದಳು, ಬೆಕ್ಕಿನ ಮುಖಕ್ಕೆ ಹೊದಿಸಿ ಮೊಣಕಾಲೂರಿ ಅವಚಿ ಹಿಡಿದಳು, ಕತ್ತಲಾದದ್ದೇ ಹಲ್ಲು ಸಡಿಲವಾಯಿತು, ನೌ ಅಪ್ಪಾ, ಪ್ರೆಸ್. ಒತ್ತಿದ, ಹೆಬ್ಬೆರಳು ಬೆಳ್ಳಗಾಗುವಷ್ಟು ಒತ್ತಿದ, ದವಡೆ ಬಿಚ್ಚಿತು, ಚೈನಿನ ತುಂಡು ಒಂದು ಕಡೆಯದು ಅಲ್ಲೇ ಇದೆ, ಇನ್ನೊಂದು ಕಡೆಯದು ತಿರುಗಿ ನಿಂತಿದೆ, ಬಿದ್ದಿಲ್ಲ, ಬಿದ್ದಿರಲಿಲ್ಲ. ಯುವರ್ ಹ್ಯಾಂಡ್ ಎಂದಳು, ನಿನ್ನೆಯ ಆ ಮಾತಿನ ನಂತರ ಅವನೊಂದಿಗೆ ಆಡಿದ ಎರಡನೆಯ ಮಾತು, ರಕ್ತ ನೋಡಿ, ಅವನು ಕೈ ನೋಡಲಿಲ್ಲ. ಜರ್ಸಿಯ ನೀಲಿ ಉಣ್ಣೆಯ ಮೇಲೆ ಬಿಳಿ ಪಾದ, ಊದಿದೆ, ಅಡ್ಡಕ್ಕೆ ಒಂದು ಗೆರೆ, ಅಲುಗುತ್ತಿಲ್ಲ, ತೊರೆ ಒಂದೇ ಸದ್ದು ಮಾಡುತ್ತಿದೆ, ಅಲುಗುತ್ತಿಲ್ಲ, ನಾದು, ಒಮ್ಮೆ ನಾದು, ಆ ಕಂಬಳಿ ಪೂರಾ ನಿನಗ — ಬೆರಳು. ಒಂದು ಬೆರಳು. ಬಿಚ್ಚಿತು, ಮುಚ್ಚಿತು, ಉಗುರು ಉಣ್ಣೆಗೆ ಸಿಕ್ಕಿತು, ಎಳೆಯೊಂದು ಮೆಲ್ಲಗೆ ಹೊರಬಂತು, ಬರಲಿ, ಇನ್ನೂ ಬರಲಿ, ಬಿಳಿ ಪಾದ, ನೀಲಿ ಎಳೆ, ಬಿಳಿ ಪಾದ