ಹದಿನೈದು ಸೆಕೆಂಡು ದಾಟಿದ ಮೇಲೆ

ಅಪ್ಪನ ಮೌನಗಳನ್ನು ನಾನು ಕತ್ತರಿಸಿದ್ದು ಒಂದು ಮಂಗಳವಾರ ಸಂಜೆ, ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು. ಹತ್ತು ಸಾಲಿನ ಕವಿತೆ. ಧ್ವನಿಮುದ್ರಣ ಐದೂವರೆ ನಿಮಿಷದ್ದು. ತೆರೆಯ ಮೇಲೆ ಮಾತಿರುವ ಕಡೆ ಗೆರೆ ಪೊದೆಯಂತೆ ಎದ್ದಿರುತ್ತದೆ, ಮಾತಿಲ್ಲದ ಕಡೆ ಚಪ್ಪಟೆಯಾಗಿ ಮಲಗಿರುತ್ತದೆ. ಚಪ್ಪಟೆಯಾಗಿದ್ದುದನ್ನೆಲ್ಲ ಒಂದೊಂದಾಗಿ ಗುರುತು ಹಾಕಿ ತೆಗೆದೆ. ಕೊನೆಗೆ ಉಳಿದದ್ದು ಐವತ್ತು ಸೆಕೆಂಡು. ಕೇಳಿದರೆ ಅಪ್ಪನಿಗೆ ಏನೂ ಆಗಿಯೇ ಇಲ್ಲ ಎನ್ನುವಂತಿತ್ತು. ಎಷ್ಟೋ ದಿನಗಳ ಮೇಲೆ ನನಗೆ ಸಮಾಧಾನವಾಯಿತು.

ಅಪ್ಪ ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಯಾವ ಹೊತ್ತಿಗೆ ಎಲ್ಲಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳುತ್ತಿದ್ದವರು. ಊರಿನವರಿಗೆ ಅವರ ಮುಖದ ಪರಿಚಯವಿರಲಿಲ್ಲ, ದನಿಯದಿತ್ತು. ತರಕಾರಿ ಅಂಗಡಿಯಲ್ಲಿ ನಿಂತು "ಅರ್ಧ ಕಿಲೋ" ಎಂದರೆ ಸಾಕು, ಪಕ್ಕದವರು ತಟ್ಟನೆ ತಮ್ಮ ಚೀಲ ಎತ್ತಿಕೊಳ್ಳುತ್ತಿದ್ದರು. ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಅವರು ಕವಿತೆ ಬರೆಯುತ್ತಿದ್ದರು. ನಿವೃತ್ತರಾದ ಮರುವರ್ಷ ಪಾರ್ಶ್ವವಾಯು ಬಡಿಯಿತು. ಬಲಗೈ ಮೂರು ತಿಂಗಳಲ್ಲಿ ಮರಳಿತು. ಮಾತು ಅರ್ಧ ದಾರಿಗೆ ಬಂದು ನಿಂತಿತು. ಪದಗಳೆಲ್ಲ ಒಳಗೆ ಇವೆ ಎಂದು ವೈದ್ಯರು ಹೇಳಿದ್ದಾರೆ. ಕೆಲವು ಕೂಡಲೇ ಬರುತ್ತವೆ. ಕೆಲವಕ್ಕೆ ಹತ್ತು ಸೆಕೆಂಡು ಬೇಕು, ಕೆಲವಕ್ಕೆ ಇಪ್ಪತ್ತು. ಆಗ ಅಪ್ಪನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿರುತ್ತದೆ, ದಾರ ಹೊಸೆಯುವವರ ಹಾಗೆ.

ನನಗೆ ಕಾಯಲು ಬರುವುದಿಲ್ಲ. ಹೊಟ್ಟೆಪಾಡಿಗೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ, ತಪ್ಪು ಕಂಡರೆ ಕೈ ತಾನಾಗಿ ಪೆನ್ನಿನತ್ತ ಹೋಗುತ್ತದೆ. ಅಪ್ಪ ತಡವರಿಸಿದರೆ ಪದವನ್ನು ನಾನೇ ಹೇಳಿಬಿಡುತ್ತೇನೆ. ನೀರು. ಕನ್ನಡಕ. ನಾಳೆ. ಹತ್ತಕ್ಕೆ ಎಂಟು ಸಲ ಸರಿಯಾಗಿರುತ್ತದೆ. ಉಳಿದೆರಡು ಸಲ ಅಪ್ಪ ದಣಿದು, ತಪ್ಪು ಪದಕ್ಕೂ ತಲೆಯಾಡಿಸಿಬಿಡುತ್ತಾರೆ. ಸಲೂನಿನಲ್ಲಿ ಒಮ್ಮೆ ಹಾಗೆ ತಲೆಯಾಡಿಸಿ ಮೀಸೆ ಕಳೆದುಕೊಂಡು ಬಂದರು.

ಶನಿವಾರ ಸಂಜೆ ನಾಲ್ಕಕ್ಕೆ ನಮ್ಮ ಸಮುದಾಯ ರೇಡಿಯೋದಲ್ಲಿ ನಾನು ಅರ್ಧ ಗಂಟೆಯ ಒಂದು ಕಾರ್ಯಕ್ರಮ ನಡೆಸುತ್ತೇನೆ. ಊರಲ್ಲೇ ಇದ್ದು ಬರೆಯುವವರು, ಹಾಡುವವರು, ಆಡುವವರು ಬಂದು ಹೋಗುತ್ತಾರೆ. ವೆಲ್ಡಿಂಗ್ ಅಂಗಡಿಯ ಯಜಮಾನ ತಾನೇ ಕಟ್ಟಿದ ಹಾಡು ಹಾಡಿದ್ದಾನೆ. ಆಸ್ಪತ್ರೆಯ ನರ್ಸ್ ಒಬ್ಬರು ಮೂರು ಕಥೆ ಓದಿದ್ದಾರೆ. ಒಂದು ವರ್ಷದಿಂದ ಅಪ್ಪ ಪ್ರತಿ ಶನಿವಾರ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ನನ್ನ... ಸರದಿ?"

"ಮುಂದಿನ ತಿಂಗಳು ನೋಡೋಣ ಅಪ್ಪ."

ಅಮ್ಮ ಒಳಗಿನಿಂದ ಕೂಗುತ್ತಿದ್ದಳು. "ಊರವರಿಗೆಲ್ಲ ಸರದಿ ಬಂತು. ಹೆತ್ತಪ್ಪನನ್ನ ಕರೆದ್ರೆ ಮರ್ಯಾದೆ ಹೋಗತ್ತೇನೆ ನಿಂದು?"

"ಮರ್ಯಾದೆ ಪ್ರಶ್ನೆ ಅಲ್ಲಮ್ಮ. ಜನ ಅಯ್ಯೋ ಪಾಪ ಅಂತಾರೆ."

"ಅನ್ಲಿ. ಅವರ ಬಾಯಿ ನೋಯತ್ತೆ, ನಮಗೇನು?"

ಅಮ್ಮನಿಗೆ ಅದು ಸುಲಭ. ನನ್ನ ಕಣ್ಣಿಗೆ ಮಾತ್ರ ಅಂಗಡಿ ಅಂಗಡಿಗಳಲ್ಲಿ ರೇಡಿಯೋದ ಮುಂದೆ ತಲೆ ಅಲ್ಲಾಡಿಸುವ ಜನ ಕಾಣುತ್ತಿದ್ದರು. ಎಂಥ ದನಿ ಏನಾಗಿಹೋಯಿತು ಎನ್ನುವ ಜನ. ಅದಕ್ಕೇ ಮನೆಯಲ್ಲೇ ಮುದ್ರಿಸಿ ಮೌನ ತೆಗೆಯುವ ಉಪಾಯ ಮಾಡಿದ್ದು. ಅಪ್ಪನ ಆಸೆಯೂ ತೀರುತ್ತದೆ, ನನ್ನ ಹೆದರಿಕೆಯೂ ತೀರುತ್ತದೆ ಎಂದುಕೊಂಡಿದ್ದೆ.

ಅಪ್ಪನನ್ನು ಕೂರಿಸಿ ಕೇಳಿಸಿದೆ. ಐವತ್ತು ಸೆಕೆಂಡು ಅವರು ಅಲ್ಲಾಡಲಿಲ್ಲ.

"ಯಾರಿದು?"

"ನೀವೇ ಅಪ್ಪ."

ಹೆಬ್ಬೆರಳು ಉಜ್ಜತೊಡಗಿತು. "ಇವನಿಗೆ... ಬಸ್ಸು... ತಪ್ಪಿಹೋಗುತ್ತಾ?"

ಅಮ್ಮ ನಕ್ಕಳು. ನಾನು ನಗಲಿಲ್ಲ, ಒಂದು ಸಂಜೆ ಮುದ್ರಿಸಿ ಇನ್ನೊಂದು ಸಂಜೆ ಕತ್ತರಿಸಿ ಮಾಡಿದ ಕೆಲಸ ಅದು.

"ಎಷ್ಟು ಚೆನ್ನಾಗಿ ಬಂದಿದೆ ಕೇಳಿ ಅಪ್ಪ. ಮೊದಲಿನ ಹಾಗೇ ಇದೆ."

"ಹಾಕಬೇಡ," ಎಂದರು. ಆ ಮಾತಿಗೆ ಒಂದು ಕ್ಷಣವೂ ತಡವಾಗಲಿಲ್ಲ. "ನಾನೇ ಬಂದು... ಅಲ್ಲೇ... ಹೇಳ್ತೀನಿ. ನೀನು ಹೇಳಿಕೊಡಬಾರದು."

"ಎಲ್ಲಾದರೂ ನಿಂತುಹೋದರೆ?"

"ನಿಲ್ಲಲಿ. ನೀನು ಹೇಳಿದ್ರೆ ಅದು ನಿನ್ನ..." ತುಂಬ ಹೊತ್ತಾಯಿತು. 'ಕವಿತೆ' ಎಂಬುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಮ್ಮ ನನ್ನ ತೊಡೆಗೆ ಚಿವುಟಿದಳು. "...ಕವಿತೆ. ಮಾತು ಕೊಡು."

ಕೊಟ್ಟೆ.

ರೇಡಿಯೋ ಕೇಂದ್ರ ಇರುವುದು ಹಳೆಯ ಗೋದಾಮೊಂದರ ಮೇಲಂತಸ್ತಿನಲ್ಲಿ. ಗೋಡೆಗೆ ಕಂಬಳಿ, ನೆಲಕ್ಕೆ ಚಾಪೆ, ನಡುವೆ ಒಂದು ಗಾಜು. ಗಾಜಿನ ಆಚೆ ಯಂತ್ರಗಳ ಜತೆ ಕೂರುವವರು ಫ್ಯೂಸಣ್ಣ. ಹಿಂದೆ ಟಿವಿ ರಿಪೇರಿ ಮಾಡುತ್ತಿದ್ದ, ತಲೆ ನರೆತ ಮನುಷ್ಯ. ಬುಧವಾರ ಹೋಗಿ ಅವರಿಗೆ ವಿಷಯ ಹೇಳಿದೆ. ಅವರು ಕೆನ್ನೆ ತುರಿಸಿಕೊಂಡರು.

"ಅಕ್ಕಾ, ನಮ್ಮ ಅತ್ತೆಮ್ಮ ಸುಮ್ಮನಿರಬೇಕಲ್ಲ?"

ಅತ್ತೆಮ್ಮ ಎಂದರೆ ಗೋಡೆಯ ಮೇಲಿರುವ ಒಂದು ಕಪ್ಪು ಡಬ್ಬಿ. ಪ್ರಸಾರದಲ್ಲಿ ಹದಿನೈದು ಸೆಕೆಂಡು ಏನೂ ಸದ್ದು ಬಾರದಿದ್ದರೆ ಅದು ತಾನಾಗಿ ಕೇಂದ್ರದ ಕೊಳಲಿನ ಟ್ಯೂನ್ ಹಾಕಿಬಿಡುತ್ತದೆ, ಅದು ಮುಗಿಯುವ ತನಕ ಮೈಕಿನ ಮಾತು ಹೊರಗೆ ಹೋಗುವುದಿಲ್ಲ. ಹಿಂದೊಮ್ಮೆ ಮಧ್ಯಾಹ್ನದ ನಿರೂಪಕರು ಮೈಕಿನ ಮುಂದೆಯೇ ನಿದ್ದೆಹೋಗಿ, ನಲವತ್ತು ನಿಮಿಷ ಊರಿಗೆಲ್ಲ ಬರೀ ಮೌನ ಪ್ರಸಾರವಾಗಿತ್ತು. ಆಮೇಲೆ ಬಂದದ್ದು ಈ ಡಬ್ಬಿ. ಮನೆಯಲ್ಲಿ ಯಾರೂ ಮಾತಾಡದಿದ್ದರೆ ತಾನೇ ಶುರು ಮಾಡುವವಳು ಅತ್ತೆಯಾದ್ದರಿಂದ ಫ್ಯೂಸಣ್ಣ ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದಾರೆ.

"ಒಂದು ದಿನದ ಮಟ್ಟಿಗೆ ತೆಗೆದಿಡೋಕೆ ಆಗಲ್ವಾ?"

"ಸದ್ದು ಅವಳನ್ನ ದಾಟಿಯೇ ಹೊರಗೆ ಹೋಗಬೇಕು. ಅವಳನ್ನ ಕಿತ್ತರೆ ರೇಡಿಯೋನೇ ಇಲ್ಲ. ಹದಿನೈದಕ್ಕಿಂತ ಮೇಲಕ್ಕೆ ತಿರುಗಿಸೋಕೂ ಜಾಗ ಇಲ್ಲ. ನೋಡಿ, ಗುಂಡಿ ಅಲ್ಲಿಗೇ ನಿಂತಿದೆ."

ಆ ಮೂರು ದಿನ ಮನೆಯಲ್ಲಿ ಗೋಡೆ ಗಡಿಯಾರದ ಕೆಳಗೆ ಅಭ್ಯಾಸ ನಡೆಯಿತು. ಪಾರ್ಶ್ವವಾಯುವಿನ ನಂತರ ಅಕ್ಷರಗಳು ಅಪ್ಪನ ಕಣ್ಣಿಗೆ ಹರಿದಾಡುತ್ತವೆ, ಓದಲು ಆಗುವುದಿಲ್ಲ. ಎಲ್ಲ ನೆನಪಿನಿಂದಲೇ ಹೇಳಬೇಕು. ಅಮ್ಮ ಸೆಕೆಂಡು ಎಣಿಸುತ್ತಿದ್ದಳು. "ಹದಿಮೂರು, ಹದಿನಾಲ್ಕು... ಬಂತು! ಗೆದ್ರಿ ಕಣ್ರೀ." ಕೊನೆಯ ಸಾಲು ಬಂದಾಗ ಮಾತ್ರ ಅವಳು ಎಣಿಕೆ ಬಿಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು. ಕವಿತೆಯ ಕೊನೆಯಲ್ಲಿ ಬರುವವಳು ಅವಳೇ.

"ನಾನು ಬಸ್ಸು ಹತ್ತದೆ ಉಳಿದದ್ದು ನಿಮ್ಮನ್ನ ನೋಡಿ ಅಲ್ಲ ರೀ. ಚಕ್ರ ಪಂಕ್ಚರ್ ಆಗಿತ್ತು. ಅದನ್ನೂ ಬರೀರಿ."

"ಪ್ರಾಸಕ್ಕೆ... ಕೂರಲ್ಲ," ಎಂದರು ಅಪ್ಪ.

ಹತ್ತು ಸಲ ಹೇಳಿದರೆ ಏಳು ಸಲ ಎಲ್ಲ ಪದಗಳೂ ಹದಿನೈದರೊಳಗೆ ಬಂದವು. ಉಳಿದ ಮೂರನ್ನು ನೆನೆಯುತ್ತ ನಾನು ಶನಿವಾರದವರೆಗೆ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೆಟ್ಟಿಲನ್ನು ನನ್ನ ಕೈ ಹಿಡಿಯದೆ ಹತ್ತಿದರು. ಮೈಕಿನ ಎದುರು ಕೂತು, ಅದನ್ನು ಎರಡು ಬೆರಳಿನಿಂದ ತುಸು ಕೆಳಗೆ ಬಾಗಿಸಿ, ತಮ್ಮ ಬಾಯಿಯಿಂದ ಒಂದು ಗೇಣು ದೂರಕ್ಕೆ ತಂದುಕೊಂಡರು. ಯಾರೂ ಹೇಳಿಕೊಡಬೇಕಾಗಲಿಲ್ಲ. ಫ್ಯೂಸಣ್ಣ ಗಾಜಿನಾಚೆಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ಕೆಂಪು ದೀಪ ಹೊತ್ತಿತು.

ನಾನು ಪರಿಚಯ ಹೇಳಿದೆ. ಬಸ್ ನಿಲ್ದಾಣದ ದನಿ ಎಂದೆ. ಈಗ ಅವರ ಮಾತು ನಿಧಾನ, ಅವರು ಹೇಳುವಷ್ಟು ಹೊತ್ತು ನಾವು ಕೇಳೋಣ ಎಂದೆ.

ಅಪ್ಪ ಶುರು ಮಾಡಿದರು.

"ಊರೂರ ಹೆಸರು... ಕೂಗಿದೆ. ಒಂದಕ್ಕೂ ಹೋಗಲಿಲ್ಲ. ಹೋದವರು... ಮರಳಿ ಬಂದು... ಅಲ್ಲೇನಿದೆ ಎಂದು ಹೇಳಲಿಲ್ಲ."

ಮೊದಲ ನಾಲ್ಕು ಸಾಲು ಹಾಗೆ ದಾಟಿದವು. ಅತಿ ದೊಡ್ಡ ಮೌನ ಎಂಟು ಸೆಕೆಂಡು. ನನ್ನ ಹೆಗಲು ಸ್ವಲ್ಪ ಇಳಿಯಿತು.

"ಗಾಜಿನ ಗೂಡಲ್ಲಿ ಕೂತವನಿಗೆ... ಎಲ್ಲರ..."

ಹೆಬ್ಬೆರಳು ಉಜ್ಜತೊಡಗಿತು. ಮನೆಯಲ್ಲಿ ಒಮ್ಮೆಯೂ ಕೈಕೊಡದ ಪದ ಇದು. ಐದು. ಆರು. ನನ್ನ ಕೈಯಲ್ಲಿದ್ದ ಕಾಗದದಲ್ಲಿ ಆ ಪದ ನನ್ನದೇ ಅಕ್ಷರದಲ್ಲಿತ್ತು. ಒಂಬತ್ತು. ಎರಡೇ ಅಕ್ಷರ, ಪಿಸುಗುಟ್ಟಿದರೂ ಸಾಕು, ಕೇಳುವವರಿಗೆ ತಿಳಿಯುವುದೂ ಇಲ್ಲ. ಹನ್ನೊಂದು. ಅಪ್ಪ ನನ್ನ ಕಡೆ ನೋಡಿದರು. ಕೇಳಿಕೊಳ್ಳುವ ನೋಟವಲ್ಲ, ಕಾಯುವ ನೋಟ. ನಾನು ಕಾಗದವನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟು ಅದರ ಮೇಲೆ ಎರಡೂ ಅಂಗೈ ಒತ್ತಿದೆ. ಹದಿಮೂರು. ಹದಿನಾಲ್ಕು.

ಕೊಳಲು ಶುರುವಾಯಿತು.

ಗಾಜಿನಾಚೆ ಫ್ಯೂಸಣ್ಣ ತಲೆಯ ಮೇಲೆ ಕೈ ಹೊತ್ತರು. ಒಂದು ವರ್ಷದಿಂದ ನಾನು ಹೆದರುತ್ತಿದ್ದುದು ಇದಕ್ಕೇ. ಊರೆಲ್ಲ ಕೇಳುತ್ತಿರುವಾಗ ಅಪ್ಪನ ಬಾಯಿಗೆ ಯಂತ್ರವೊಂದು ಕೈ ಅಡ್ಡ ಇಟ್ಟಿತ್ತು. ಕ್ಷಮೆ ಕೇಳಲೆಂದು ನಾನು ಮೈಕಿನತ್ತ ಬಾಗಿದೆ. ಅಪ್ಪ ಒಂದು ಬೆರಳೆತ್ತಿ ನನ್ನನ್ನು ತಡೆದರು.

ಅವರು ಗಾಬರಿಯಾಗಿರಲಿಲ್ಲ. ತಲೆಯನ್ನು ತುಸು ಓರೆ ಮಾಡಿ ಕೊಳಲು ಕೇಳುತ್ತಿದ್ದರು. ಚಿಕ್ಕಂದಿನಲ್ಲಿ ಗೂಡಿನೊಳಗೆ ಅವರ ಪಕ್ಕ ಕೂತು ಈ ಭಂಗಿಯನ್ನು ನಾನು ನೂರು ಸಲ ನೋಡಿದ್ದೆ. ಹೇಳುತ್ತಿರುವಾಗ ಯಾವನಾದರೂ ಚಾಲಕ ಹಾರ್ನ್ ಒತ್ತಿ ಹಿಡಿದರೆ ಅಪ್ಪ ಅಲ್ಲಿಗೇ ನಿಲ್ಲಿಸಿ, ಹಾರ್ನ್ ಮುಗಿದ ಮೇಲೆ, ಹಿಂದಿನದನ್ನು ಮತ್ತೆ ಹೇಳದೆ, ನಿಂತಲ್ಲಿಂದಲೇ ಮುಂದುವರಿಸುತ್ತಿದ್ದರು. ಕೊಳಲು ಮುಗಿಯಿತು.

"ಬೆನ್ನು ಗೊತ್ತು," ಎಂದರು ಅಪ್ಪ.

ಕರಡಿನಲ್ಲಿ ಎಷ್ಟೋ ಸಲ ನೋಡಿದ್ದ ಪದ. ಐವತ್ತು ಸೆಕೆಂಡಿನ ಆ ಮುದ್ರಣದಲ್ಲಿ ಅದು ಬಂದದ್ದೂ ತಿಳಿಯದಂತೆ ಹೋಗಿತ್ತು. ಈಗ ಆ ಪುಟ್ಟ ಕೋಣೆಯಲ್ಲಿ ಅದು ಮೊದಲ ಸಲ ನನಗೆ ಕೇಳಿಸಿತು.

"ಚೀಲ ಹೊತ್ತದ್ದು, ಕೂಸು... ಹೊತ್ತದ್ದು, ಏನೂ ಹೊರದೆಯೂ... ಬಾಗಿದ್ದು. ತಿರುಗಿ ನೋಡಿದವಳು ಒಬ್ಬಳು. ಆಮೇಲೆ ಅವಳು... ಬಸ್ಸು..."

ಅತ್ತೆಮ್ಮ ಇನ್ನೊಮ್ಮೆ ಹಾಡಿದಳು. ಈ ಸಲ ಫ್ಯೂಸಣ್ಣ ತಲೆಯ ಮೇಲೆ ಕೈ ಇಡಲಿಲ್ಲ. ಅಪ್ಪನೂ ಅವರೂ ಗಾಜಿನ ಎರಡು ಬದಿಯಿಂದ ಒಬ್ಬರನ್ನೊಬ್ಬರು ನೋಡಿ ನಕ್ಕರು. ಟ್ಯೂನ್ ಮುಗಿದ ಮೇಲೆ ಅಪ್ಪ ಇನ್ನೂ ಒಂದೆರಡು ಸೆಕೆಂಡು ತಾವಾಗಿಯೇ ತಡೆದರು. ಆ ಎರಡು ಸೆಕೆಂಡು ಬೇಕೆಂದೇ ತಡೆದದ್ದೆಂದು ನನಗೆ ಖಾತ್ರಿಯಿದೆ.

"...ಹತ್ತಲಿಲ್ಲ."

ಫೋನಿನ ದೀಪ ಮಿನುಗುತ್ತಿತ್ತು. ಸಾಮಾನ್ಯವಾಗಿ ನನ್ನ ಕಾರ್ಯಕ್ರಮಕ್ಕೆ ಕರೆ ಬರುವುದು ಅಪರೂಪ. ಬಂದರೂ ಟ್ಯಾಂಕರ್ ನೀರು ಯಾವಾಗ ಬರುತ್ತದೆಂದು ಕೇಳುವವರೇ ಹೆಚ್ಚು. ಅಳುಕುತ್ತ ಗುಂಡಿ ಒತ್ತಿದೆ.

"ರೇಡಿಯೋನಾ? ನಾನು ಮೂಲೆ ಇಸ್ತ್ರಿ ಅಂಗಡಿಯವಳು. ಬೈಯೋದಕ್ಕೇ ಫೋನ್ ಮಾಡಿದ್ದು."

"ಹೇಳಿ," ಎಂದೆ.

"'ಎಲ್ಲರ' ಅಂತ ಹೇಳಿ ನಿಲ್ಲಿಸಿಬಿಟ್ರಲ್ಲ ಯಜಮಾನ್ರು! ಎಲ್ಲರ ಏನು, ಎಲ್ಲರ ಏನು ಅಂತ ನಾನು ಇಸ್ತ್ರಿಪೆಟ್ಟಿಗೆ ಹಿಡ್ಕೊಂಡು ನಿಂತೇಬಿಟ್ಟೆ. ನಾನು ಮುಖ ಅಂದೆ. ನಮ್ಮ ಅತ್ತಿಗೆ ಹೆಸರು ಅಂದ್ಲು. ಬಟ್ಟೆ ಕೊಡೋಕೆ ಬಂದವರೊಬ್ರು ಗುಟ್ಟು ಇರಬೇಕು ಅಂದ್ರು. ಕೊಳಲು ಬೇರೆ ಊದಿ ಇನ್ನೂ ಕಾಯಿಸಿದ್ರಿ. ಕೊನೆಗೆ ನೋಡಿದ್ರೆ ಬೆನ್ನು! ದಿನಾ ಮುನ್ನೂರು ಅಂಗಿಗಳ ಬೆನ್ನು ತಿಕ್ಕೋಳು ನಾನು, ನಂಗೇ ಹೊಳೀಲಿಲ್ಲ. ಅಷ್ಟರಲ್ಲಿ ಕೈ ಕೆಳಗಿದ್ದ ಕಾಲರ್ ಸುಟ್ಟು ಕರಕಲು. ಅದಕ್ಕೆ ಯಾರು ಜವಾಬ್ದಾರಿ?"

ಅಪ್ಪ ನಕ್ಕರು. ನಗುವಿಗೆ ಯಾವ ಅಡ್ಡಿಯೂ ಇಲ್ಲ, ಅದು ಒಂದೇ ಏಟಿಗೆ ಬಂತು. ಆಮೇಲೆ ಏನೋ ಹೇಳಲು ಮುಂದಕ್ಕೆ ಬಾಗಿದರು.

"ಯಾ..."

ಯಾರ ಅಂಗಿ? ಪ್ರಶ್ನೆ ನನ್ನ ಹಲ್ಲಿನ ಹಿಂದೆ ಸಿದ್ಧವಾಗಿ ಕೂತಿತ್ತು. ಕೇಳಿಬಿಟ್ಟಿದ್ದರೆ ಆಕೆ ಯಾರದೋ ಹೆಸರು ಹೇಳುತ್ತಿದ್ದಳು, ನಾನು ಕ್ಷಮೆ ಕೇಳುತ್ತಿದ್ದೆ, ಎಲ್ಲ ಅಚ್ಚುಕಟ್ಟಾಗಿ ಮುಗಿಯುತ್ತಿತ್ತು.

"ಹಲೋ? ಇದೀರಾ?"

"ಇದೀವಿ," ಎಂದೆ. "ಅವರು ಏನೋ ಕೇಳ್ತಿದಾರೆ. ಒಂದು ಚೂರು ಇರ್ತೀರಾ?"

"ಇರ್ತೀನಮ್ಮಾ. ಸುಡೋದು ಸುಟ್ಟಾಗಿದೆ, ಇನ್ನೇನು ಅವಸರ?"

ನಾನು ಎಣಿಸಲಿಲ್ಲ. ಅತ್ತೆಮ್ಮ ಎಣಿಸಿರಬೇಕು, ಮೂರನೆಯ ಸಲ ಕೊಳಲು ಕೇಳಿಸಿತು. ಫೋನಿನಲ್ಲಿ ಆ ಹೆಂಗಸು ಅದರ ಜತೆ ಮೆಲ್ಲಗೆ ಗುನುಗತೊಡಗಿದಳು. ಅಪ್ಪ ಲೋಟ ಎತ್ತಿ ಒಂದು ಗುಟುಕು ನೀರು ಕುಡಿದು, ಬಾಯಿ ಒರೆಸಿಕೊಂಡು, ಟ್ಯೂನ್ ಮುಗಿಯುವುದನ್ನೇ ಕಾದರು.

"ಯಾವ... ಬಣ್ಣ?" ಎಂದರು.

ನಾನು ಅಂದುಕೊಂಡದ್ದು ಅದಾಗಿರಲಿಲ್ಲ.

"ಬಿಳಿ, ಯಜಮಾನ್ರೇ!" ಎಂದಳು ಆಕೆ. "ಅದೇ ತಾನೇ ನನ್ನ ಗೋಳು!"